ಟೇಕಾಫ್ ಖಾನಾವಳಿಯ ಹಗ್ಗ

ಬೀದರಿನ ಜನ ದಿನಕ್ಕೆ ಹತ್ತಿಪ್ಪತ್ತು ಸಲ ಆಕಾಶ ನೋಡುತ್ತಾರೆ. ದೇವರಿಗಾಗಿ ಅಲ್ಲ, ಮಳೆಗಾಗಿಯೂ ಅಲ್ಲ. ಊರಿಗೆ ಅಂಟಿಕೊಂಡೇ ಪೈಲಟ್ಟುಗಳನ್ನು ತಯಾರು ಮಾಡುವ ವಿಮಾನನೆಲೆ ಇದೆ. ಹೊತ್ತು ಏರಿತೆಂದರೆ ಒಂದರ ಹಿಂದೊಂದು ವಿಮಾನ ಮನೆಗಳ ನೆತ್ತಿಯ ಮೇಲೆ ಹಾದುಹೋಗುತ್ತದೆ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಾಗಾಗಿ ನಮ್ಮೂರಿನವರು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಕತ್ತೆತ್ತಿ ನೋಡಿ, ಸದ್ದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡುತ್ತಾರೆ. ಜಗಳವಾಡುವವರು ಕೂಡ ಅಷ್ಟೇ. ನನ್ನ ರೂಢಿ ಮಾತ್ರ ಬೇರೆ. ವಿಮಾನದ ಸದ್ದು ಕೇಳಿದರೆ ನಾನು ಕೆಳಗೆ ನೋಡುತ್ತೇನೆ. ಕೈಯಲ್ಲಿ ಚಹಾ ಇದ್ದರೆ ಕಪ್ಪಿನೊಳಗೆ, ಇಲ್ಲದಿದ್ದರೆ ನನ್ನ ಚಪ್ಪಲಿಯ ಕಡೆಗೆ. ಆಫೀಸಿನಲ್ಲಿ ಒಬ್ಬರು, 'ಕುತ್ತಿಗಿ ಹಿಡದದೇನ್ರಿ ನಾಗಶೆಟ್ಟಿಯವರ?' ಎಂದು ಕೇಳಿ ಒಂದು ಎಣ್ಣೆಯ ಹೆಸರನ್ನೂ ಬರೆದುಕೊಟ್ಟರು. ಆ ಚೀಟಿ ಈಗಲೂ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ.

ಮೊನ್ನೆ ಮಗಳು ನನ್ನ ಫೋನಿಗೆ ಒಂದು ಪಟ್ಟಿ ಕಳಿಸಿದಳು. ಜಗತ್ತಿನ ಬೇರೆ ಬೇರೆ ವಿಮಾನ ನಿಲ್ದಾಣಗಳ ಹತ್ತಿರ ಇರುವ, ವಿಮಾನದ ವೇಷ ಹಾಕಿಕೊಂಡ ಹೋಟೆಲುಗಳ, ಬಾರುಗಳ ಪಟ್ಟಿ. ಒಂದು ಕಡೆ ಮುದಿ ವಿಮಾನವೊಂದರ ಹೊಟ್ಟೆಯೊಳಗೇ ಮೇಜು ಹಾಕಿದ್ದಾರೆ. ಇನ್ನೊಂದು ಕಡೆ ಬಡಿಸುವವರೆಲ್ಲ ಪೈಲಟ್ ಟೋಪಿ ಇಟ್ಟುಕೊಂಡಿದ್ದಾರೆ. 'ಅಪ್ಪಾ, ನಿನಗ ಇಂಥವು ಭಾಳ ಸೇರ್ತಾವಲ್ಲ, ಅದಕ್ಕ ಕಳಸೀನಿ' ಎಂದು ಕೆಳಗೆ ಬರೆದಿದ್ದಳು. ಸೇರುತ್ತಿದ್ದವು, ಹೌದು. ಆ ಪಟ್ಟಿಯನ್ನು ನಾನು ಕೊನೆಯವರೆಗೆ ಓದಲಾಗಲಿಲ್ಲ. ನನ್ನ ಪಟ್ಟಿಯಲ್ಲಿ ಒಂದೇ ಹೋಟೆಲಿದೆ. ಅದರ ಹೆಸರು ಟೇಕಾಫ್ ಖಾನಾವಳಿ.

ಬಾರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಿಮಾನ ನಿಲ್ದಾಣಕ್ಕೆ ಹೋಗುವ ಅದೇ ರಸ್ತೆಯಲ್ಲಿ ಒಂದು ಬಾರು ಇದೆ. ಗೋಡೆಗೆ ಮೂಗು ಮೇಲೆ ಮಾಡಿದ ವಿಮಾನದ ಚಿತ್ರ. ಅಲ್ಲಿ ಕೂತವರಿಗೆ ಎರಡು ಗ್ಲಾಸ್ ಇಳಿದ ಮೇಲೆ ಪೈಲಟ್ಟುಗಿರಿಯ ಸಕಲ ವಿದ್ಯೆಯೂ ಬರುತ್ತದೆ. ಆ ವಿಮಾನ ಎಷ್ಟು ಎತ್ತರದಲ್ಲಿದೆ, ಈ ಹುಡುಗ ಹೊಸಬನೋ ಹಳಬನೋ ಎಂಬುದನ್ನು ಸದ್ದಿನ ಮೇಲೇ ಹೇಳುತ್ತಾರೆ. ನಾನು ಅವರನ್ನು ನೋಡಿ ನಗುವ ಹಾಗಿಲ್ಲ. ಅವರು ಕುಡಿದು ಹೇಳುವುದನ್ನು ನಾನು ಹದಿಮೂರನೆಯ ವಯಸ್ಸಿನಲ್ಲಿ ಬರೀ ನೀರು ಕುಡಿದು ಹೇಳಿದವನು.

ನಮ್ಮದು ಔರಾದ. ಔರಾದಕ್ಕೆ ರೈಲಿಲ್ಲ, ಬಸ್ಸೇ ಗತಿ. ನಮ್ಮಪ್ಪನಿಗೆ ಭಾಲ್ಕಿಗೆ ವರ್ಗವಾಗಿ, ನಾನು ಎಂಟನೆಯ ಇಯತ್ತೆಗೆ ಅಲ್ಲಿಯ ಸಾಲೆ ಸೇರಿದೆ. ಭಾಲ್ಕಿಯಲ್ಲಿ ರೈಲು ನಿಲ್ದಾಣವಿದೆ. ಆ ಊರಿನ ಹುಡುಗರಿಗೆ ರೈಲನ್ನು ತಾವೇ ಹೆತ್ತಷ್ಟು ಹಮ್ಮು. ನಾನು ರೈಲನ್ನು ಹತ್ತಿರದಿಂದ ನೋಡಿಲ್ಲ ಎಂಬುದು ಮೊದಲನೆಯ ದಿನವೇ ಗೊತ್ತಾಯಿತು. ಒಂದು ವಾರ ನನ್ನ ಬೆನ್ನ ಹಿಂದೆ 'ಕೂ' ಎಂದು ಕೂಗಿದ್ದೇ ಕೂಗಿದ್ದು. ಎಂಟನೆಯ ದಿನ ನನಗೆ ತಡೆಯಲಾಗಲಿಲ್ಲ. 'ರೈಲಂದ್ರ ಏನ್ ದೊಡ್ಡದು? ನಾ ವಿಮಾನದಾಗ ಕುಂತೀನಿ' ಎಂದುಬಿಟ್ಟೆ.

ಅಷ್ಟು ಹೇಳಿ ಸುಮ್ಮನಿದ್ದರೆ ನಕ್ಕು ಮರೆಯುತ್ತಿದ್ದರು. ನಾನು ಸಾಕ್ಷಿಯನ್ನೂ ತೋರಿಸಿದೆ. ನನ್ನ ಸೋದರಮಾವ ಬೀದರಿನಲ್ಲಿ ಒಂದು ದೊಡ್ಡ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ಕೆಲಸದಲ್ಲಿದ್ದ. ಅವನು ಮನೆಗೆ ತಂದಿದ್ದ ಒಂದು ಸೊಟ್ಟ ಚಮಚ ನನ್ನ ಚೀಲದಲ್ಲಿತ್ತು. ಅದನ್ನು ಹೊರಗೆ ತೆಗೆದು, 'ವಿಮಾನದಾಗ ಊಟಕ್ಕ ಕೊಡೋ ಚಮಚ ಇದು' ಎಂದೆ. ಇಡೀ ವರ್ಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬ ಮಾತ್ರ ನಗಲಿಲ್ಲ. ಮೆಹಕರದಿಂದ ಬಂದು ಹಾಸ್ಟೆಲಿನಲ್ಲಿದ್ದ ವೈಜಿನಾಥ. ಅವನು ಆ ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

'ಮ್ಯಾಲ ಹೋದಾಗ ಹೊಟ್ಟಿ ಹ್ಯಾಂಗಾಗ್ತದೋ ನಾಗ್ಯಾ?' ಎಂದು ಕೇಳಿದ.

'ಘಾಟ ಇಳಿಯೋವಾಗ ಬಸ್ಸಿನಾಗ ಆಗ್ತದಲ್ಲ, ಹಂಗ' ಎಂದೆ.

ನಂಬುವ ಮನುಷ್ಯ ಸಿಕ್ಕರೆ ಸುಳ್ಳಿಗೆ ಎಂಥ ಹುರುಪು ಬರುತ್ತದೆ ಎಂಬುದು ಆ ವಯಸ್ಸಿನಲ್ಲಿ ತಿಳಿಯುವುದಿಲ್ಲ. ಚಮಚವನ್ನು ಅವನಿಗೇ ಕೊಟ್ಟೆ. ಬದಲಿಗೆ ಅವನ ಮನೆಯಿಂದ ಬರುತ್ತಿದ್ದ ಶೇಂಗಾ ಹೋಳಿಗೆಯಲ್ಲಿ ಮೂರು ವರ್ಷ ಅರ್ಧ ಪಾಲು ತಿಂದೆ. ಆಮೇಲೆ ನಾನು ಓದಿ ಬೀದರಿನಲ್ಲಿ ಸರಕಾರಿ ಗುಮಾಸ್ತನಾದೆ. ವೈಜಿನಾಥ ಭಾಲ್ಕಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ ತೆಗೆದ. ಅವನ ಹೆಂಡತಿ ಸರೂಬಾಯಿ ವೈನಿಯವರ ಕೈಯ ಜೋಳದ ರೊಟ್ಟಿಗೆ ಜನ ಬಸ್ಸು ತಪ್ಪಿಸಿಕೊಂಡು ಕೂರುತ್ತಿದ್ದರು. ನಾನು ಹೋದಾಗಲೆಲ್ಲ ಅವನು ಗಿರಾಕಿಗಳಿಗೆ ನನ್ನನ್ನು ಪರಿಚಯಿಸುತ್ತಿದ್ದುದು ಒಂದೇ ಮಾತಿನಲ್ಲಿ: 'ಇಂವ ನಮ್ ದೋಸ್ತ. ಸಣ್ಣಾಂವ ಇದ್ದಾಗೇ ವಿಮಾನದಾಗ ಕುಂತಾನ.' ನಾನು ಏನು ಮಾಡಬೇಕಿತ್ತು? ರೊಟ್ಟಿ ಮುರಿಯುತ್ತ ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಿದ್ದರು.

ಬೀದರಿನಿಂದ ಬೆಂಗಳೂರಿಗೆ ಜನರನ್ನು ಒಯ್ಯುವ ವಿಮಾನ ಶುರುವಾಯಿತು ನೋಡಿ, ವೈಜಿನಾಥ ಒಂದು ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ನನ್ನ ಆಫೀಸಿಗೇ ಬಂದ. ಆ ರಸ್ತೆಯಲ್ಲಿ ಜಾಗ ಹಿಡಿದಿದ್ದಾನಂತೆ. ಖಾನಾವಳಿಯನ್ನು ಅಲ್ಲಿಗೆ ತರುತ್ತಾನಂತೆ. ಒಳಗೆಲ್ಲ ಥೇಟ್ ವಿಮಾನದ ಹಾಗೆ ಮಾಡಬೇಕಂತೆ.

'ಮಂದಿ ಫೋಟೋ ನೋಡಿ ಮಾಡ್ತಾರ. ನನಗ್ಯಾಕ ಫೋಟೋ? ಕುಂತ್ ಬಂದಾಂವ ನನ್ ಬಲ್ಲಿನೇ ಇದ್ದಾನ. ನೀ ಹೇಳು, ನಾ ಮಾಡಸ್ತೇನಿ' ಎಂದ.

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಇನ್ನು ಸಿಗುವಂತಿರಲಿಲ್ಲ. 'ಲೇ ವೈಜ್ಯಾ, ನಾ ವಿಮಾನ ಹತ್ತೇ ಇಲ್ಲ' ಎಂದರೆ ಮುಗಿಯುತ್ತಿತ್ತು. ಪಕ್ಕದ ಟೇಬಲ್ಲಿನವರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ನೆವದಲ್ಲಿ ನಾನು ಕಾಗದ ತೆಗೆದುಕೊಂಡು ನಕ್ಷೆ ಬರೆಯತೊಡಗಿದೆ.

ಔರಾದದವನು ಬರೆದ ವಿಮಾನ ಹೇಗಿರುತ್ತದೆ, ನೀವೇ ಊಹಿಸಿ. ಒಂದು ಕಡೆ ಮೂರು ಸೀಟು, ಇನ್ನೊಂದು ಕಡೆ ಎರಡು. ಕಿಟಕಿಗೆ ಸರಿಸುವ ಗಾಜು, ಅದಕ್ಕೆ ಅಡ್ಡ ಕಂಬಿ. ಬಾಗಿಲ ಬಳಿ ಒಬ್ಬನೇ ಕೂರುವ ಒಂದು ಸೀಟು. ಸಾಮಾನು ಎಲ್ಲಿಡುತ್ತಾರೆ ಎಂದು ಕೇಳಿದ. ಟಪ್ಪಿನ ಮೇಲೆ, ಅಂದರೆ ಛಾವಣಿಯ ಮೇಲೆ ಎಂದೆ, ಹಿಂದಿನಿಂದ ಹತ್ತಲು ಕಬ್ಬಿಣದ ಏಣಿ ಬರೆದೆ. ಬೇಕಾದದ್ದನ್ನು ಕೇಳಲು ಹೇಗೆ ಕರೆಯುತ್ತಾರೆ ಎಂದ. ವಿಮಾನದಲ್ಲಿ ಗಂಟೆ ಇರುತ್ತದೆಂದು ಎಲ್ಲೋ ಕೇಳಿದ್ದೆ. ಗಂಟೆ ಎಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಹಳೆಯ ಬಸ್ಸಿನ ಛಾವಣಿಗೆ ಉದ್ದಕ್ಕೂ ಕಟ್ಟಿರುತ್ತಿದ್ದ ಹಗ್ಗ, ಕಂಡಕ್ಟರ್ ಎಳೆಯುತ್ತಿದ್ದದ್ದು. 'ಹಗ್ಗ ಇರ್ತದ. ಒಂದು ಎಳದ್ರ ನಿಲ್ಲು, ಎರಡು ಎಳದ್ರ ಹೋಗು' ಎಂದೆ. ಅವನು ಅದನ್ನು ಬಾಯಿಪಾಠದ ಹಾಗೆ ಎರಡು ಸಲ ಹೇಳಿಕೊಂಡ.

ಹೀಗೆ ಬೀದರಿನ ವಿಮಾನ ರಸ್ತೆಯಲ್ಲಿ ಒಂದು ಬಸ್ಸು ತಯಾರಾಯಿತು. ಹೊರಗೆ ಬಿಳಿ ಬಣ್ಣ, ಎರಡು ತಗಡಿನ ರೆಕ್ಕೆ. ಮೂಗಿನ ಜಾಗದಲ್ಲಿ ಅಡುಗೆಮನೆ. ಪೈಲಟ್ಟಿನ ಗಾಜಿನ ಹಿಂದೆ ಕೂತು ಸರೂಬಾಯಿ ವೈನಿ ರಸ್ತೆ ನೋಡುತ್ತ ರೊಟ್ಟಿ ಬಡಿಯುತ್ತಿದ್ದರು. ಗೋಡೆಯ ಮೇಲೆ ಗಾಜಿನ ಕಟ್ಟಿನೊಳಗೆ ನನ್ನ ಸೊಟ್ಟ ಚಮಚ, ಕೆಳಗೆ 'ಖರೇ ವಿಮಾನದ ಚಮಚ' ಎಂಬ ಬರಹ.

ನನ್ನ ಗ್ರಹಚಾರವೆಂದರೆ ಅದು ಚೆನ್ನಾಗಿ ನಡೆಯಿತು. ಔರಾದ, ಭಾಲ್ಕಿಗಳ ಜನ ಒಳಗೆ ಕಾಲಿಟ್ಟ ಕೂಡಲೇ ಅವರಿಗೆ ತಮ್ಮ ಮನೆಗೆ ಬಂದಷ್ಟು ಸಲೀಸಾಯಿತು. ಹಗ್ಗ ಹೇಗೆ ಎಳೆಯಬೇಕೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಒಂದು ಟಣ್ ಎಂದರೆ ಬಡಿಸುವವನು ಬಂದು ನಿಲ್ಲುತ್ತಿದ್ದ, ಎರಡು ಟಣ್ ಎಂದರೆ ಸಾಕು ಎಂದರ್ಥ. ಊಟದ ಹೊತ್ತಿಗೆ ಜನ ಹೊರಗಿನಿಂದಲೇ ಕಿಟಕಿಯ ಕಂಬಿಗಳ ನಡುವೆ ಟವೆಲ್ ಒಗೆದು ಸೀಟು ಹಿಡಿಯುತ್ತಿದ್ದರು. ಪುಂಡಿಪಲ್ಯದ ತಾಟಿನೊಳಗೇ ಒಮ್ಮೆ ಯಾರದೋ ಟೋಪಿ ಬಂದು ಬಿದ್ದದ್ದುಂಟು. ಹಿಂದಿನ ಏಣಿಯಂತೂ ದೊಡ್ಡ ಆಕರ್ಷಣೆಯಾಯಿತು. ಅದನ್ನು ಹತ್ತಿ ಮಾಳಿಗೆಯ ಮೇಲೆ ನಿಂತರೆ ನಿಜವಾದ ವಿಮಾನ ಇಳಿಯುವುದು ಕಾಣುತ್ತಿತ್ತು. ಮಧ್ಯದಲ್ಲಿ ಬೆಂಗಳೂರಿನ ವಿಮಾನ ನಿಂತಿತು, ಮತ್ತೆ ಶುರುವಾಯಿತು. ಖಾನಾವಳಿ ಮಾತ್ರ ನಿಲ್ಲಲಿಲ್ಲ.

ಒಂದು ಸಲ ನಾನು ಕೂತಿದ್ದಾಗ ಊರಿಗೆ ಹೊಸಬರಾದ ನಾಲ್ಕು ಜನ ಬಂದರು. ಆಗ ತಾನೇ ವಿಮಾನ ಇಳಿದು ಬಂದವರು. ಹಗ್ಗ ನೋಡಿ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಒಬ್ಬ, 'ಚಾಚಾ, ಯೆ ರಸ್ಸಿ ಕಾಯ್ಕು ಹೈ?' ಎಂದು, ಈ ಹಗ್ಗ ಯಾತಕ್ಕೆಂದು ಕೇಳಿದ.

ವೈಜಿನಾಥ ಬೇಜಾರು ಮಾಡಿಕೊಳ್ಳಲಿಲ್ಲ. 'ಇದು ಹಳೇ ಮಾಡಲ್ ಅದರಿ. ನೀವು ಕುಂತಿದ್ದು ಈಗಿನ ವಿಮಾನ. ನಮ್ ದೋಸ್ತ ಕುಂತಾಗ ಹಗ್ಗ ಇತ್ರಿ. ಕೇಳ್ರಿ ಬೇಕಾದ್ರ, ಅಲ್ಲೇ ಕುಂತಾನ' ಎಂದು ನನ್ನ ಕಡೆ ಕೈ ತೋರಿಸಿದ.

ನಾಲ್ವರೂ ನನ್ನ ಕಡೆ ತಿರುಗಿದರು. ನಾನು ಹೌದು ಎನ್ನುವಂತೆ ತಲೆಯಾಡಿಸಿದೆ. ಅವರಿಗೆ ಎಲ್ಲ ತಿಳಿಯಿತು ಎಂಬುದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು. ತಿಳಿಯದೆ ಇದ್ದವನು ವೈಜಿನಾಥ ಒಬ್ಬನೇ.

ಹೋದ ವರ್ಷ ಅವನ ದನಿ ಒಡೆಯಿತು. ಸಂತೆಯಲ್ಲಿ ನಿಂತು ಕೂಗಿದರೆ ಎರಡು ಓಣಿ ಆಚೆ ಕೇಳುವಂಥ ದನಿ ಅದು. ಬೈಯುವುದರಲ್ಲಂತೂ ಅವನನ್ನು ಮೀರಿಸುವವರಿರಲಿಲ್ಲ. ಪ್ರೀತಿಯಿದ್ದಷ್ಟೂ ಬೈಗುಳ ಉದ್ದವಾಗುತ್ತಿತ್ತು, ಅದರ ಕೊನೆಗೆ ಒಂದು ನಗು ಇರುತ್ತಿತ್ತು. ಮೊದಲು ಥಂಡಿ ಎಂದುಕೊಂಡರು. ಆಮೇಲೆ ಡಾಕ್ಟರರು ಗಂಟಲಿನಲ್ಲಿ ಗಂಟಿದೆ ಎಂದರು. ಒಂದು ದಿನ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಗೊಗ್ಗರು ದನಿಯಲ್ಲಿ ಹೇಳಿದ: 'ಗಂಟಲಾನ ಪೆಟಗಿನೇ ತೆಗೀತಾರಂತೋ ನಾಗ್ಯಾ. ಜೀವ ಉಳೀತದ, ಮಾತು ಹೋಗ್ತದಂತ.'

ಅವನೇ ಮುಂದುವರಿಸಿದ. 'ಎಲ್ಲಾರೂ ಹೈದ್ರಾಬಾದ್ ಹತ್ರ ಅದ, ಅಲ್ಲೇ ಹೋಗು ಅಂತಾರ. ಸರೂನ ತಮ್ಮ ಬೆಂಗ್ಳೂರಾಗ ದವಾಖಾನ್ಯಾಗೇ ಕೆಲಸಕ್ಕಿದ್ದಾನ. ನಾ ಬೆಂಗ್ಳೂರಿಗೇ ಹೋಗ್ತೇನಿ. ವಿಮಾನದಾಗ. ಇಷ್ಟು ವರ್ಷ ಮಂದಿಗೆ ವಿಮಾನದಾಗ ಊಟ ಹಾಕೀನಿ, ನಾನೂ ಒಮ್ಮಿ ಕುಂತ್ ನೋಡ್ತೇನಿ.'

ಆಗ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹೈದರಾಬಾದಿಗೇ ಹೋಗು ಎಂದು ಅವನಿಗೆ ಒಂದು ತಾಸು ತಿಳಿಸಿ ಹೇಳಿದೆ. ದೂರದ ಊರು ಬೇಡ ಎಂದೆ, ಗಂಟಲು ಬೇನೆಯವರಿಗೆ ವಿಮಾನದ ಗಾಳಿ ಆಗಿಬರುವುದಿಲ್ಲ ಎಂದೆ. ಕೇಳಿದವರು ಗೆಳೆಯನ ಮೇಲೆ ಎಷ್ಟು ಕಾಳಜಿ ಎನ್ನುತ್ತಿದ್ದರು. ಜೀವದ ಮೇಲೆ ಬಂದ ಮನುಷ್ಯನ ಮುಂದೆ ಕೂತು ನಾನು ಕಾಪಾಡುತ್ತಿದ್ದದ್ದು ಒಂದು ಸೊಟ್ಟ ಚಮಚವನ್ನು. ನನಗೆ ನನ್ನ ಬಗ್ಗೆ ಹೇಸಿಗೆ ಹುಟ್ಟಿದ್ದು ಅವತ್ತು.

ಅವನು ಕೇಳಲಿಲ್ಲ. ಒಂದು ಸೋಮವಾರ ಗಂಡ ಹೆಂಡತಿ ವಿಮಾನ ಹತ್ತಿದರು. ಅವರನ್ನು ಕಳಿಸಲು ನಾನು ಹೋಗಲಿಲ್ಲ, ಆಫೀಸಿನಲ್ಲಿ ತಪಾಸಣೆ ಇದೆ ಎಂದು ಹೇಳಿದ್ದೆ. ಆ ಹೊತ್ತಿಗೆ ಸರಿಯಾಗಿ ನೆತ್ತಿಯ ಮೇಲೆ ಸದ್ದಾಯಿತು. ಎಲ್ಲರೂ ಕಿಟಕಿಗೆ ಹೋದರು. ನಾನು ಫೈಲಿನೊಳಗೆ ಮುಖ ಹುದುಗಿಸಿದೆ. ಕೆಳಗೆ ನೋಡುವ ರೂಢಿ ಶುರುವಾದದ್ದು ಆಗಲೇ.

ಬುಧವಾರ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಿದ್ದೆ. ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ವೈಜಿನಾಥನ ಹೆಸರು. ನನ್ನ ಕೈ ಮುಂದೆ ಹೋಗಲಿಲ್ಲ. ಎತ್ತಿದ ಕೂಡಲೇ ಅವನು ಏನು ಕೇಳುತ್ತಾನೆಂದು ನನಗೆ ಗೊತ್ತಿತ್ತು. ಹಗ್ಗ ಎಲ್ಲೋ? ಕಂಬಿ ಎಲ್ಲೋ? ಏಣಿ ಎಲ್ಲೋ? ಸದ್ದು ನಿಂತಿತು. ಮತ್ತೆ ಶುರುವಾಯಿತು. ಎದುರಿಗೆ ಕೂತಿದ್ದ ಹೆಣ್ಣುಮಗಳು, 'ಎತ್ರಿ ಸರ್, ಯಾರೋ ಪಾಪ, ಒಂದೇ ಸವನ ಹಚ್ಚಾಕತ್ತಾರ' ಎಂದಳು. ಆಮೇಲೆ ಮಾತಾಡ್ತೇನಿ ಎಂದು ಫೋನನ್ನು ಬೋರಲು ಮಾಡಿ ಇಟ್ಟೆ. ಮೂರನೆಯ ಸಲವೂ ಅದು ಟೇಬಲ್ಲಿನ ಮೇಲೆ ಗುರುಗುಟ್ಟಿ ಸುಮ್ಮನಾಯಿತು. ಆಪರೇಶನ್ನಿಗೆ ಮುಂಚಿನ ತಪಾಸಣೆಗಳೇ ನಾಲ್ಕು ದಿನ ಹಿಡಿಯುತ್ತವೆ ಎಂದು ವೈನಿ ಹೇಳಿದ್ದರು. ನಾಳೆ ಧೈರ್ಯ ಮಾಡಿ ನಾನೇ ಹಚ್ಚಿದರಾಯಿತು ಎಂದುಕೊಂಡು ರೊಟ್ಟಿ ತಿಂದೆ. ಆ ರೊಟ್ಟಿಯ ಜೊತೆ ಏನು ಪಲ್ಯವಿತ್ತು ಎಂಬುದೂ ನನಗೆ ನೆನಪಿದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹಚ್ಚಿದೆ. ವೈನಿಯ ತಮ್ಮ ಎತ್ತಿದ. 'ಆಪ್ರೇಶನ್ನಿಗೆ ಒಳಗ ಒಯ್ದಾರ್ರಿ ಅಣ್ಣಾರ. ನಿನ್ನಿ ಮಧ್ಯಾಹ್ನ ಹೇಳಿದ್ರು, ನಾಳೆ ಮುಂಜಾನೇ ಮಾಡ್ತೇವಿ ಅಂತ. ಮಾಮಾ ನಿಮಗ ಭಾಳ ಸಲ ಫೋನ್ ಹಚ್ಚಿದ್ರು' ಎಂದ.

ಅವರು ತಿರುಗಿ ಬಂದದ್ದು ತಿಂಗಳ ಮೇಲೆ, ರೈಲಿನಲ್ಲಿ. ಬಂದು ಹನ್ನೊಂದು ದಿನವಾದರೂ ನಾನು ಆ ಕಡೆ ಸುಳಿಯಲಿಲ್ಲ. ಹನ್ನೆರಡನೆಯ ದಿನ ವೈನಿಯವರೇ ಫೋನ್ ಮಾಡಿ, 'ಅಣ್ಣಾರ, ನೀವು ಯಾಕ ಬರವಲ್ರಿ? ದಿನಾ ಬಾಗಿಲ ಕಡೀನೇ ನೋಡ್ಕೋತ ಕೂಡ್ತಾರ' ಎಂದರು.

ಹೋದೆ. ಮಧ್ಯಾಹ್ನದ ಊಟ ಮುಗಿದು ಖಾನಾವಳಿ ಖಾಲಿಯಾಗಿತ್ತು. ಬಾಗಿಲ ಬಳಿಯ ಒಂಟಿ ಸೀಟಿನಲ್ಲಿ, ನಾನು ಕಂಡಕ್ಟರನಿಗೆಂದು ಬರೆದ ಸೀಟಿನಲ್ಲಿ, ವೈಜಿನಾಥ ಕೂತಿದ್ದ. ಕೊರಳಿಗೆ ಒಂದು ತೆಳು ಬಿಳಿ ಬಟ್ಟೆ ಕಟ್ಟಿದ್ದರು. ಉಸಿರು ಮೂಗಿನಿಂದಲ್ಲ, ಆ ಬಟ್ಟೆಯ ಹಿಂದಿನಿಂದ ಬರುತ್ತಿತ್ತು. ಬಟ್ಟೆ ಸಣ್ಣಗೆ ಎದ್ದು ಕೂರುತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತ. ಹಗ್ಗ ಇದ್ದಲ್ಲೇ ಇತ್ತು. ಏಣಿ, ಕಂಬಿ, ಚಮಚ, ಯಾವುದನ್ನೂ ಅವನು ತೆಗೆಸಿರಲಿಲ್ಲ.

'ವೈಜ್ಯಾ, ನಾ ಸಣ್ಣಾಂವ ಇದ್ದಾಗ...' ಎಂದು ಶುರು ಮಾಡಿದೆ. ಅವನು ಕೈ ಮೇಲೆತ್ತಿ ಹಗ್ಗವನ್ನು ಒಂದು ಸಲ ಎಳೆದ. ಟಣ್. ನಿಲ್ಲು.

ನಿಂತೆ. ಅವನು ಊಟದ ಆರ್ಡರ್ ಬರೆದುಕೊಳ್ಳುವ ಪುಸ್ತಕವನ್ನು ಮುಂದೆಳೆದುಕೊಂಡು ಪೆನ್ಸಿಲ್ ತೆಗೆದ. 'ಅಲ್ಲಿ ಹಗ್ಗ ಇರ್ಲಿಲ್ಲ' ಎಂದು ಬರೆದ. ನಾನು ತಲೆಯಾಡಿಸಿದೆ. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲಿಲ್ಲ.

'ಅವತ್ತು ಮೂರ್ ಸಲ ಹಚ್ಚಿದ್ದಿಯಲ್ಲೋ' ಎಂದೆ, 'ಏನ್ ಹೇಳಬೇಕಂತ ಮಾಡಿದ್ದಿ?'

ಅವನು ಬಹಳ ಹೊತ್ತು ಬರೆದ. ಎಂಟನೆಯ ಇಯತ್ತೆಯ ಅದೇ ದುಂಡು ಅಕ್ಷರ. ಪುಸ್ತಕ ನನ್ನ ಕಡೆ ತಿರುಗಿಸಿದ. 'ನಿನಗ ಬಾಯಿ ತುಂಬ ಬೈಬೇಕಂತ ಹಚ್ಚಿದ್ದೆ. ನಾಳಿಂದ ಬಾಯಿ ಇರಂಗಿಲ್ಲಲ್ಲ, ಅದಕ್ಕ. ಸರೂಗ ಹೇಳಿದ್ದೆ, ಕಡೀ ಮಾತು ಅಂವಗ ಬೈದೇ ಮುಗಸ್ತೇನಿ ಅಂತ. ನೀ ಎತ್ತಲಿಲ್ಲ.'

ಅಡುಗೆಮನೆಯ ಗಾಜಿನ ಹಿಂದೆ ವೈನಿ ಮುಖ ಆ ಕಡೆ ಮಾಡಿ ನಿಂತಿದ್ದರು. ನಾನು ಮೂರರ ಸೀಟಿನಲ್ಲಿ ಕೂತೆ. ನಲವತ್ತು ವರ್ಷ ನಾನು ಹೆದರಿದ್ದು ಒಂದು ಬೈಗುಳಕ್ಕೆ. ಆ ಬೈಗುಳದ ಕೊನೆಗೆ ಒಂದು ನಗು ಇರುತ್ತದೆಂದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

'ಈಗ ಬೈಯಿ' ಎಂದೆ. 'ಬರದಾದ್ರೂ ಬೈಯಿ.'

ಅವನು ಪೆನ್ಸಿಲ್ ಎತ್ತಿಕೊಂಡ, ಸ್ವಲ್ಪ ಯೋಚಿಸಿದ, ಕೆಳಗಿಟ್ಟ. ಬೈಗುಳ ಬರೆಯಲು ಬರುವುದಿಲ್ಲ ಎನ್ನುವಂತೆ ಕೈ ಅಲ್ಲಾಡಿಸಿದ. ಆಮೇಲೆ ಎರಡೂ ಕೈಯನ್ನು ಸೊಂಟಕ್ಕೆ ಇಟ್ಟುಕೊಂಡು, ಸಂತೆಯಲ್ಲಿ ನಿಲ್ಲುತ್ತಿದ್ದ ಹಾಗೆ ನನ್ನೆದುರು ನಿಂತು, ಬಾಯಿ ತೆರೆದು ಬೈಯತೊಡಗಿದ. ತುಟಿ ಜೋರಾಗಿ ಆಡುತ್ತಿತ್ತು, ಹುಬ್ಬು ಏರುತ್ತಿತ್ತು, ಕೊರಳ ಬಟ್ಟೆ ಪಟಪಟನೆ ಹಾರುತ್ತಿತ್ತು. ನನ್ನ ಅಪ್ಪ, ನನ್ನ ಔರಾದ, ನನ್ನ ಸೋದರಮಾವ, ಆ ಚಮಚ, ಯಾವುದನ್ನೂ ಅವನು ಬಿಟ್ಟಿರಲಿಕ್ಕಿಲ್ಲ. ನನಗೆ ಗುರುತು ಸಿಕ್ಕಿದ್ದು 'ಸುಳ್ಳಬುರುಕ' ಎಂಬ ಒಂದೇ ಶಬ್ದ. ಉಳಿದದ್ದೆಲ್ಲ ಬರೀ ಗಾಳಿ. ಕೊನೆಗೆ ನಗು ಬರುವ ಜಾಗ ಬಂತು. ಅವನ ಭುಜಗಳು ಕುಣಿದವು, ಕೊರಳಿನಿಂದ ಒಂದು ಸಿಳ್ಳಿನಂಥ ಉಸಿರು ಬಂತು. ಅವನು ದಣಿದು ನಿಂತು, ಮುಟ್ಟಿತೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡಿದ.

'ಕೇಳಸ್ತು ವೈಜ್ಯಾ' ಎಂದೆ. 'ಎಲ್ಲಾ ಕೇಳಸ್ತು.'

ಮೊದಲನೆಯ ಸುಳ್ಳನ್ನು ಅವನು ನಲವತ್ತು ವರ್ಷ ನಂಬಿದ್ದ. ಇದನ್ನು ನಂಬಲಿಲ್ಲ.